ಹೊಸ್ತಿಲಿಲ್ಲದ ಮನೆ
ಹಿರಿಯ ನಾಗರಿಕರಿಗೆಂದೇ ಕಟ್ಟಿ ಮಾರುವ ಮನೆ ಹೇಗಿರಬೇಕೆಂದು ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ (ರೇರಾ) 2024ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಾಗಿಲು ಕನಿಷ್ಠ 900 ಮಿ.ಮೀ. ಅಗಲ, ಹೊಸ್ತಿಲು ಕೂಡದು. ಬಚ್ಚಲಿಗೆ ಜಾರದ ಟೈಲ್ಸು, ಕೈಯಾಸರೆಗೆ ಸರಳು. ಒಂದಕ್ಕಿಂತ ಹೆಚ್ಚು ಮಹಡಿಯಿದ್ದರೆ ಲಿಫ್ಟು. ಹೊಸ್ತಿಲಿಗೆ ಅರಿಸಿನ ಕುಂಕುಮವಿಡುವ ನಮ್ಮ ಮುಂಬಯಿಯ ಮಾಟುಂಗಾ, ಚೆಂಬೂರಿನ ಅಜ್ಜಿಯರು ಏನನ್ನುತ್ತಾರೋ! ಅದನ್ನೇ ಎಡವಿ ಸೊಂಟ ಮುರಿದುಕೊಂಡವರ ಮಾತು ಬೇರೆ. ನನ್ನ ತಕರಾರು ಇನ್ನೊಂದು. ಈ ನಿಯಮಗಳೆಲ್ಲ ಹಿರಿಯರ ಹೆಸರಿನಲ್ಲಿ ಮಾರಾಟವಾಗುವ ಹೊಸ ಯೋಜನೆಗಳಿಗೆ. ಮುಂಬಯಿಯ ಎಷ್ಟೋ ವೃದ್ಧರು ಬದುಕುತ್ತಿರುವುದು ಲಿಫ್ಟೇ ಇಲ್ಲದ, ಮೂರು ಮಹಡಿಯ ಹಳೇ ಸೊಸೈಟಿಗಳಲ್ಲಿ. ಅಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ಮಾಡುವುದೂ ಸುಲಭವಲ್ಲ. 1:12ರ ಲೆಕ್ಕದಲ್ಲಿ ಎರಡೂವರೆ ಅಡಿ ಏರಲು ಮೂವತ್ತಡಿ ಉದ್ದ ಬೇಕು; ಆ ಮೂವತ್ತಡಿಯಲ್ಲಿ ಸ್ಕೂಟರುಗಳು, ನೀರಿನ ಪಂಪು, ವಾಚ್‌ಮನ್ನನ ಕುರ್ಚಿ ಆಗಲೇ ಠಿಕಾಣಿ ಹೂಡಿವೆ. ಕೆಡವಿ ಕಟ್ಟೋಣವೆಂದರೆ ದಾರಿಯಿದೆ: ಸಹಕಾರ ಕಾಯ್ದೆಯ 79ಎ ಅಡಿ 2019ರ ಆದೇಶದ ಪ್ರಕಾರ ಶೇ. 51 ಸದಸ್ಯರು ಒಪ್ಪಿದರೆ ಸಾಕು. ಆದರೆ ಎಂಬತ್ತು ದಾಟಿದವರು ಗುರುತಿನ ಡಾಕ್ಟರು, ಹಾಲಿನವನು, ನೆರೆಮನೆ ಎಲ್ಲ ಬಿಟ್ಟು ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಕಾಯಬೇಕು. ಇಷ್ಟಾಗಿ ಬಿಲ್ಡರನ ಜತೆಗಿನ ಚೌಕಾಸಿಯೆಲ್ಲ ಕಾರ್ಪೆಟ್ ಏರಿಯಾ, ಕಾರ್ಪಸ್ ಫಂಡು, ಜಿಮ್ಮಿನ ಸುತ್ತಲೇ. ಬಚ್ಚಲ ಸರಳು ಯಾರಿಗೂ ನೆನಪಾಗದು. ಪಾರ್ಕಿಂಗಿಗಾಗಿ ಮೀಟಿಂಗಿನಲ್ಲಿ ಗಂಟಲು ಹರಿದುಕೊಳ್ಳುವ ಸದಸ್ಯರು, ರೇರಾದ ಆ ಪಟ್ಟಿಯನ್ನು ಕರಾರಿಗೆ ಲಗತ್ತಿಸಿದ ಮೇಲೆಯೇ ಸಹಿ ಹಾಕುತ್ತೇವೆಂದು ಒಮ್ಮೆ ಪಟ್ಟು ಹಿಡಿಯಬಾರದೇಕೆ?