ರಿಪೇರಿ ಮಾಡುತ್ತಿದ್ದವರು ಕಟ್ಟಿದ ಕಂಪನಿ

ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ನಾಲ್ಕು ಮಾತು ಬೈದು, ಮೇಣದ ಬತ್ತಿ ಹುಡುಕಿ, ಓದು ಮುಂದುವರಿಸುತ್ತೇವೆ. ಆದರೆ ಕರೆಂಟು ಹೋದದ್ದೇ ಒಂದು ಮಗುವಿನ ಪ್ರಾಣಕ್ಕೆ ಎರವಾದರೆ?

1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಹೀಗೇ ಆಯಿತು. ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಎಂಬ ಹೆಸರಾಂತ ಶಸ್ತ್ರವೈದ್ಯರು ಮಕ್ಕಳ ಹೃದಯದ ಹುಟ್ಟುದೋಷಗಳನ್ನು ಸರಿಪಡಿಸುತ್ತಿದ್ದರು. ಶಸ್ತ್ರಚಿಕಿತ್ಸೆಯ ನಂತರ ಕೆಲವು ಮಕ್ಕಳಲ್ಲಿ ಒಂದು ತೊಂದರೆ ಕಾಣಿಸಿಕೊಳ್ಳುತ್ತಿತ್ತು. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದೆ ಮಿಡಿತ ತೀರಾ ನಿಧಾನವಾಗುತ್ತಿತ್ತು. ಅಂಥ ಮಕ್ಕಳ ಹೃದಯಕ್ಕೆ ತೆಳುವಾದ ತಂತಿ ಜೋಡಿಸಿ, ಹೊರಗಿನ ಯಂತ್ರದಿಂದ ಕ್ರಮಬದ್ಧವಾಗಿ ವಿದ್ಯುತ್ ಮಿಡಿತ ಕೊಡುತ್ತಿದ್ದರು. ಇದೇ ಪೇಸ್‌ಮೇಕರ್. ಆಗಿನ ಪೇಸ್‌ಮೇಕರನ್ನು ಗಾಡಿಯ ಮೇಲಿಟ್ಟು ತಳ್ಳಬೇಕಿತ್ತು. ಅದು ನಡೆಯುತ್ತಿದ್ದದ್ದು ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟಿನಲ್ಲಿ. ವೈರು ಎಷ್ಟು ಉದ್ದವೋ ಮಗುವಿನ ಓಡಾಟವೂ ಅಷ್ಟೇ!

ಅಂದು ನಗರದಲ್ಲಿ ಗಂಟೆಗಟ್ಟಲೆ ಕರೆಂಟು ಹೋಯಿತು. ಶಸ್ತ್ರಚಿಕಿತ್ಸೆಯ ಕೊಠಡಿಗೆ ಬದಲಿ ವಿದ್ಯುತ್ ವ್ಯವಸ್ಥೆಯಿತ್ತು, ರೋಗಿಗಳ ಕೋಣೆಗಳಿಗೆ ಇರಲಿಲ್ಲ. ಒಂದು ಮಗು ತೀರಿಕೊಂಡಿತು.

ಇನ್ನು ಮುಂದೆ ಹೀಗಾಗಬಾರದು ಎಂದು ನಿಶ್ಚಯಿಸಿದ ಲಿಲ್ಲೆಹೈ ಯಾರನ್ನು ಕೇಳಿದರು? ದೊಡ್ಡ ಪ್ರೊಫೆಸರನ್ನಲ್ಲ, ದೊಡ್ಡ ಕಾರ್ಖಾನೆಯನ್ನೂ ಅಲ್ಲ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ 33 ವರ್ಷದ ಎಂಜಿನಿಯರ್ ಅರ್ಲ್ ಬಾಕನ್ ಅವರನ್ನು. ಬ್ಯಾಟರಿಯಿಂದ ನಡೆಯುವ ಯಂತ್ರವೊಂದನ್ನು ಮಾಡಿಕೊಡಲಾದೀತೇ ಎಂಬುದೇ ಅವರ ಪ್ರಶ್ನೆ.

ಬಾಕನ್ ಹುಟ್ಟಿದ್ದು 1924ರಲ್ಲಿ. ಬೆಳೆದದ್ದು ಮಿನಿಯಾಪೊಲಿಸ್ ಪಕ್ಕದ ಕೊಲಂಬಿಯಾ ಹೈಟ್ಸ್ ಎಂಬ ಊರಿನಲ್ಲಿ. ಹುಡುಗನಿಗೆ ಚಿಕ್ಕಂದಿನಿಂದಲೂ ವಿದ್ಯುತ್ತಿನ ಗೀಳು. ಎದುರುಮನೆಯ ಗೆಳೆಯನ ಜೊತೆ ಮಾತಾಡಲು ರಸ್ತೆಯ ಮೇಲಿಂದ ತಂತಿ ಎಳೆದು ಟೆಲಿಫೋನ್ ಮಾಡಿದ್ದ. ಕಣ್ಣು ಮಿಟುಕಿಸುವ ರೋಬಾಟ್ ಕಟ್ಟಿದ್ದ. ಊರಿನ ಚಿತ್ರಮಂದಿರದಲ್ಲಿ, 1931ರಲ್ಲಿ ತೆರೆಕಂಡ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ನೋಡಿದಾಗ ಬೇರೆ ಮಕ್ಕಳು ರಾಕ್ಷಸನನ್ನು ಕಂಡು ಹೆದರಿದ್ದರೆ, ಈತನ ಮನಸ್ಸಿನಲ್ಲಿ ಉಳಿದದ್ದು ಆ ದೇಹಕ್ಕೆ ಜೀವ ತುಂಬಿದ ವಿದ್ಯುತ್ ಕಿಡಿ!

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಕನ್ ಸೈನ್ಯ ಸೇರಿ ರೇಡಾರ್ ದುರಸ್ತಿಯನ್ನು ಕಲಿಸಿದರು. 1948ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು, ಮುಂದಿನ ಓದಿಗೆ ಸೇರಿದರು. ಅವರ ಪತ್ನಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅವರನ್ನು ಕರೆತರಲು ಹೋದಾಗಲೆಲ್ಲ ಅಲ್ಲಿನವರು ‘ಈ ಯಂತ್ರ ಕೆಟ್ಟಿದೆ, ಸ್ವಲ್ಪ ನೋಡಿ’ ಎನ್ನುತ್ತಿದ್ದರು. ಆಸ್ಪತ್ರೆಗಳಿಗೆ ಆಗಷ್ಟೇ ಎಲೆಕ್ಟ್ರಾನಿಕ್ ಉಪಕರಣಗಳು ಬರತೊಡಗಿದ್ದವು. ಅವು ಕೆಟ್ಟರೆ ರೇಡಿಯೋ ರಿಪೇರಿಯವರನ್ನು ಹುಡುಕಬೇಕಾಗಿತ್ತು.

ಇದನ್ನೇ ಏಕೆ ಕಸುಬು ಮಾಡಿಕೊಳ್ಳಬಾರದು ಎಂದು ಯೋಚಿಸಿದ ಬಾಕನ್ ಓದನ್ನು ನಿಲ್ಲಿಸಿದರು. 1949ರ ಏಪ್ರಿಲ್ 29ರಂದು ತಮ್ಮ ಷಡ್ಡಕ ಪಾಮರ್ ಹರ್ಮಂಡ್ಸ್ಲಿ ಅವರ ಜೊತೆಗೂಡಿ ಒಂದು ಗ್ಯಾರೇಜಿನಲ್ಲಿ ‘ಮೆಡ್‌ಟ್ರಾನಿಕ್’ ಆರಂಭಿಸಿದರು. ಮೊದಲ ತಿಂಗಳ ಸಂಪಾದನೆ ಎಷ್ಟು ಗೊತ್ತೇ? ಕೇವಲ 8 ಡಾಲರ್! ಅದೂ ಒಂದು ಸೆಂಟ್ರಿಫ್ಯೂಜ್ ರಿಪೇರಿ ಮಾಡಿದ್ದಕ್ಕೆ.

ಮುಂದಿನ ಎಂಟು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಇದೇ ಕೆಲಸ. ಆದರೆ ರಿಪೇರಿಗೆಂದು ಹೋದವರು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೂ ವೈದ್ಯರ ಪಕ್ಕದಲ್ಲಿ ನಿಂತರು. ಯಾವ ಗುಂಡಿ ಕೈಗೆ ಸಿಗುವುದಿಲ್ಲ, ಯಾವ ತಂತಿ ಕಾಲಿಗೆ ತೊಡರುತ್ತದೆ ಎಂಬುದನ್ನು ಕಣ್ಣಾರೆ ಕಂಡರು. ಲಿಲ್ಲೆಹೈ ಅವರ ಪ್ರಶ್ನೆ ಬಂದಾಗ ಬಾಕನ್ ಅವರಿಗೆ ಸಮಸ್ಯೆಯನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಉತ್ತರ ಸಿಕ್ಕಿದ್ದು ಹವ್ಯಾಸಿಗಳಿಗೆಂದು ಬರುತ್ತಿದ್ದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ. ಸಂಗೀತಗಾರರಿಗೆ ತಾಳ ಹಾಕಿಕೊಡುವ ಮೆಟ್ರೊನೋಮ್ ಎಂಬ ಉಪಕರಣದ ಸರ್ಕ್ಯೂಟ್ ಅದರಲ್ಲಿತ್ತು. ಬೇಕಿದ್ದುದು ಎರಡೇ ಟ್ರಾನ್ಸಿಸ್ಟರ್. ಹೃದಯಕ್ಕೆ ಬೇಕಾದದ್ದೂ ತಾಳವೇ ಅಲ್ಲವೇ? ಬಾಕನ್ ಆ ಸರ್ಕ್ಯೂಟಿನ ಧ್ವನಿವರ್ಧಕವನ್ನು ಬಿಟ್ಟು, ಬ್ಯಾಟರಿ ಸೇರಿಸಿ, ಅಂಗೈಯಗಲದ ಲೋಹದ ಡಬ್ಬಿಯೊಳಗೆ ಕೂರಿಸಿದರು. ತಗುಲಿದ್ದು ಸುಮಾರು ನಾಲ್ಕು ವಾರ.

ನಾಯಿಯೊಂದರ ಮೇಲೆ ಪ್ರಯೋಗವಾಯಿತು. ಮರುದಿನ ಆಸ್ಪತ್ರೆಗೆ ಬಂದ ಬಾಕನ್ ಬೆರಗಾಗಿ ನಿಂತರು. ಅವರ ಡಬ್ಬಿ ಆಗಲೇ ಒಂದು ಮಗುವಿನ ಹೃದಯವನ್ನು ಮಿಡಿಸುತ್ತಿತ್ತು! ಉಳಿಸಬಲ್ಲ ಸಾಧನ ಕೈಯಲ್ಲಿರುವಾಗ ಮಗುವನ್ನು ಕಳೆದುಕೊಳ್ಳಲು ಲಿಲ್ಲೆಹೈ ಸಿದ್ಧರಿರಲಿಲ್ಲ.

ಇಂದು ಹೀಗೆ ಮಾಡುವಂತಿಲ್ಲ ಎಂಬುದನ್ನೂ ಹೇಳಬೇಕು. 1976ರಲ್ಲಿ ಅಮೆರಿಕ ವೈದ್ಯಕೀಯ ಸಾಧನಗಳಿಗೆ ಪ್ರತ್ಯೇಕ ಕಾನೂನು ತಂದಿತು. ನಮ್ಮ ದೇಶದಲ್ಲಿ 2017ರ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. ಜೀವದ ಜೊತೆ ವ್ಯವಹರಿಸುವ ಸಾಧನಕ್ಕೆ ಕಟ್ಟುನಿಟ್ಟಿನ ಪರೀಕ್ಷೆ ಬೇಕೇ ಬೇಕು. ಆತುರದಿಂದ ಒಂದು ಮಗು ಬದುಕಬಹುದು, ಹತ್ತು ಮಕ್ಕಳಿಗೆ ಅಪಾಯವೂ ಆಗಬಹುದು.

ಮುಂದಿನ ಹಾದಿ ಹೂವಿನದಾಗಿರಲಿಲ್ಲ. ವಿಲ್ಸನ್ ಗ್ರೇಟ್‌ಬ್ಯಾಚ್ ಮತ್ತು ಡಾ. ವಿಲಿಯಂ ಚಾರ್ಡ್ಯಾಕ್ ಅವರು ರೂಪಿಸಿದ, ದೇಹದೊಳಗೇ ಇಡಬಹುದಾದ ಪೇಸ್‌ಮೇಕರನ್ನು ತಯಾರಿಸುವ ಹಕ್ಕನ್ನು ಮೆಡ್‌ಟ್ರಾನಿಕ್ 1960ರಲ್ಲಿ ಪಡೆಯಿತು. ಬೇಡಿಕೆ ಏರಿತು, ಖರ್ಚು ಅದಕ್ಕಿಂತ ವೇಗವಾಗಿ ಏರಿತು. ಕಂಪನಿ ದಿವಾಳಿಯ ಅಂಚಿಗೆ ಬಂತು. ಆಗ ‘ನಾವು ಇರುವುದು ಯಾತಕ್ಕೆ?’ ಎಂದು ಬಾಕನ್ ತಮ್ಮನ್ನೇ ಕೇಳಿಕೊಂಡರು. ನೋವು ಕಡಿಮೆ ಮಾಡುವುದು, ಆರೋಗ್ಯ ಮರಳಿಸುವುದು, ಆಯುಸ್ಸು ಹೆಚ್ಚಿಸುವುದು ಎಂಬ ಗುರಿಯನ್ನು ಬರೆದಿಟ್ಟರು. ಲಾಭಕ್ಕೂ ಅದರಲ್ಲಿ ಜಾಗವಿತ್ತು, ಆದರೆ ಮೊದಲ ಜಾಗವಲ್ಲ. ವರ್ಷದ ಕೊನೆಗೊಮ್ಮೆ ರೋಗಿಗಳನ್ನೇ ಕಂಪನಿಗೆ ಕರೆಸಿ, ನೌಕರರ ಮುಂದೆ ಮಾತಾಡಿಸುವ ಪದ್ಧತಿ ಬೆಳೆಯಿತು. ತಾನು ಬೆಸುಗೆ ಹಾಕಿದ ತಂತಿ ಯಾರದೋ ಎದೆಯೊಳಗಿದೆ ಎಂದು ಅರಿತ ಕೆಲಸಗಾರ ಕೈತಪ್ಪಿಗೆ ಅವಕಾಶ ಕೊಟ್ಟಾನೇ?

1989ರಲ್ಲಿ ನಿವೃತ್ತರಾದ ಬಾಕನ್ ಹವಾಯಿಯಲ್ಲಿ ನೆಲೆಸಿದರು. ಗ್ಯಾರೇಜಿನ ಆ ಕಂಪನಿ ಇಂದು ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಸಾಧನ ಕಂಪನಿಗಳಲ್ಲಿ ಒಂದು. ಇಳಿವಯಸ್ಸಿನಲ್ಲಿ ಬಾಕನ್ ಅವರ ಎದೆಯೊಳಗೂ ಪೇಸ್‌ಮೇಕರ್ ಬಂತು. ತಾವು ತೆರೆದ ದಾರಿಯಲ್ಲೇ ಬಂದ ಸಾಧನದ ನೆರವಿನಿಂದ ಬಾಳಿದ ಅವರು 2018ರ ಅಕ್ಟೋಬರ್ 21ರಂದು, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಬಾಕನ್ ಓದು ಬಿಟ್ಟರು, ನಾವೂ ಬಿಡೋಣ ಎಂದು ದಯವಿಟ್ಟು ತಿಳಿಯಬೇಡಿ. ಎಂಜಿನಿಯರಿಂಗ್ ಮುಗಿಸಿದ ಮೇಲೆಯೇ ಅವರು ಗ್ಯಾರೇಜಿಗೆ ಹೋದದ್ದು. ಓದು ಇದ್ದುದರಿಂದಲೇ ಪತ್ರಿಕೆಯಲ್ಲಿದ್ದ ಸರ್ಕ್ಯೂಟ್ ಅವರಿಗೆ ಅರ್ಥವಾಯಿತು. ಆದರೆ ಅದು ಎಲ್ಲಿ ಬೇಕು ಎಂಬುದನ್ನು ಕಲಿಸಿದ್ದು ತರಗತಿಯಲ್ಲ, ರಿಪೇರಿ ಕೆಲಸ.

ಪಾಲಕರಿಗೂ ಒಂದು ಮಾತು. ಮಗ ಹಳೆಯ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತಿದ್ದರೆ, ಮಗಳು ಮಿಕ್ಸಿಯ ಮೋಟಾರು ಕಳಚಿದ್ದರೆ ಗದರುವ ಮುನ್ನ ಪ್ಲಗ್ ತೆಗೆದಿದೆಯೇ ಎಂದು ನೋಡಿ. ಆಮೇಲೆ, ‘ಮತ್ತೆ ಜೋಡಿಸಲು ಬರುತ್ತದೆಯೇ?’ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮಗು ಎಲ್ಲಿಗೆ ಹೋಗಿ ಮುಟ್ಟೀತು ಎಂದು ಈಗಲೇ ಯಾರು ಬಲ್ಲರು?