ನಡುಗಡ್ಡೆಗೆ ಹೋದವರ ಲೆಕ್ಕ ಯಾರ ಬಳಿ ಇದೆ?

ನನ್ನ ಊರು ಮಂಗಳೂರು ಎಂದೊಡನೆ ಬೆಂಗಳೂರಿನ ಗೆಳೆಯರು ಕಡಲು, ಬಂದರು, ಮೀನು ಎಂದು ಮಾತಿಗಿಳಿಯುತ್ತಾರೆ. ನಾನು ಹುಟ್ಟಿದ ಮಂಗಳೂರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯದು. ಜೋಳದ ಹೊಲಗಳ, ಮಳೆಗಾಗಿ ಮುಗಿಲು ನೋಡುವ ಜನರ ಊರು. ನಮಗೆ ಕಡಲಿಲ್ಲ. ಆದರೆ ದ್ವೀಪಗಳಿಗೆ ಕೊರತೆಯಿಲ್ಲ. ಇದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಕವಲೊಡೆದು ಹಲವು ನಡುಗಡ್ಡೆಗಳನ್ನು ಸೃಷ್ಟಿಸಿದ್ದಾಳೆ. ಆನೆಗೊಂದಿಯ ಬಳಿಯ ನವವೃಂದಾವನ ಗಡ್ಡೆ ಒಂದು. ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದ ವಿರುಪಾಪುರ ಗಡ್ಡೆ ಇನ್ನೊಂದು. ಮೊದಲನೆಯದಕ್ಕೆ ಭಕ್ತರು ಹೋಗುತ್ತಾರೆ, ಎರಡನೆಯದಕ್ಕೆ ವಿರಾಮ ಬಯಸಿದ ದೇಶವಿದೇಶಗಳ ಯುವಜನರು ದಶಕಗಳ ಕಾಲ ಹೋದರು.

ನಿವೃತ್ತಿಯ ನಂತರ ಒಮ್ಮೆ ಮೊಮ್ಮಕ್ಕಳನ್ನು ಕರೆದುಕೊಂಡು ನವವೃಂದಾವನಕ್ಕೆ ಹೋಗಿದ್ದೆ. ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿರುವ ಸ್ಥಳವದು. ಅವರಲ್ಲಿ ವಿಜಯನಗರದ ಅರಸರಿಗೆ ಗುರುವಾಗಿದ್ದ, ಪುರಂದರದಾಸ ಮತ್ತು ಕನಕದಾಸರಿಗೂ ಗುರುವೆನಿಸಿದ ವ್ಯಾಸರಾಜರೂ ಒಬ್ಬರು. ಈ ವಿವರಗಳನ್ನು ನಾನು ಪುಸ್ತಕ ಓದಿ ತಿಳಿದಿದ್ದೆ. ಆದ್ದರಿಂದ ಮಾರ್ಗದರ್ಶಿ ಬೇಡವೆಂದೆ. ಮರಳುವಾಗ ಹರಿಗೋಲಿನವನು ಹುಟ್ಟು ಹಾಕುತ್ತಲೇ ನದಿಯ ನಡುವಿನ ಬಂಡೆಯೊಂದನ್ನು ತೋರಿಸಿದ. ‘ಸಾಹೇಬ್ರ, ಆ ಬಂಡಿ ಮುಳುಗಿತಂದ್ರ ನಾವು ಹರಗೋಲು ಇಳಸಂಗಿಲ್ರೀ. ಇಲ್ಲಿ ಮಳಿ ಇರಂಗಿಲ್ಲ, ಬಿಸಿಲು ಬಿದ್ದಿರತೈತಿ. ನೀರು ಮಾತ್ರ ಏರತೈತಿ’ ಎಂದ. ನಾನು ಓದಿದ ಯಾವ ಪುಸ್ತಕದಲ್ಲೂ ಆ ಬಂಡೆಯ ಪ್ರಸ್ತಾಪವಿರಲಿಲ್ಲ.

ಆತನ ಮಾತಿನಲ್ಲಿ ಈ ದ್ವೀಪಗಳ ವಿಶಿಷ್ಟ ಅಪಾಯ ಅಡಗಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಸಂಚಾರ ನಿಲ್ಲುತ್ತದೆ. ಅಲ್ಲಿ ಕಡಲೇ ತನ್ನ ಮುನಿಸನ್ನು ಎಲ್ಲರಿಗೂ ಕಾಣುವಂತೆ ತೋರಿಸುತ್ತದೆ. ತುಂಗಭದ್ರೆ ಹಾಗಲ್ಲ. ಮಳೆ ಬೀಳುವುದು ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಲ್ಲಿ. ನೀರು ನಿಲ್ಲುವುದು ಹೊಸಪೇಟೆಯ ಬಳಿಯ ಜಲಾಶಯದಲ್ಲಿ. ಗೇಟು ತೆರೆದಾಗ ಮುಳುಗುವುದು ಆನೆಗೊಂದಿಯ ಗಡ್ಡೆ. ಆಕಾಶ ನೋಡಿ ನಿರ್ಧರಿಸುವ ಪ್ರವಾಸಿಗ ಇಲ್ಲಿ ಮೋಸಹೋಗುತ್ತಾನೆ.

2019ರ ಎರಡು ಘಟನೆಗಳನ್ನು ನೆನಪಿಸಿಕೊಳ್ಳುವುದು ಸೂಕ್ತ. ಆ ವರ್ಷದ ಜುಲೈನಲ್ಲಿ ನಿಧಿಯಾಸೆಯ ದುಷ್ಕರ್ಮಿಗಳು ರಾತ್ರೋರಾತ್ರಿ ನವವೃಂದಾವನ ಗಡ್ಡೆಗೆ ಹೋಗಿ ವ್ಯಾಸರಾಜರ ವೃಂದಾವನವನ್ನೇ ಕೆಡವಿದರು. ಭಕ್ತರು ಅದನ್ನು ಕೂಡಲೇ ಪುನರ್ನಿರ್ಮಿಸಿದರು ಎಂಬುದು ಸಮಾಧಾನದ ಸಂಗತಿ. ಮರುತಿಂಗಳು ಜಲಾಶಯದಿಂದ ಭಾರಿ ಪ್ರಮಾಣದ ನೀರು ಹೊರಬಿದ್ದಾಗ ವಿರುಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿದರು. ರಕ್ಷಣೆಗೆ ಹೋದವರ ದೋಣಿಯೇ ಮಗುಚಿ, ಅವರನ್ನು ಹೆಲಿಕಾಪ್ಟರ್ ನೆರವಿನಿಂದ ಉಳಿಸಬೇಕಾಯಿತು. ಒಂದು ಘಟನೆ ಕಳ್ಳರದು, ಇನ್ನೊಂದು ಪ್ರವಾಹದ್ದು. ಎರಡರಲ್ಲೂ ಏಳುವ ಆಡಳಿತಾತ್ಮಕ ಪ್ರಶ್ನೆ ಒಂದೇ: ಈ ಹೊತ್ತಿನಲ್ಲಿ ದ್ವೀಪದ ಮೇಲೆ ಯಾರಿದ್ದಾರೆ, ಎಷ್ಟು ಜನರಿದ್ದಾರೆ?

ವಿರುಪಾಪುರ ಗಡ್ಡೆಯ ರೆಸಾರ್ಟುಗಳು ಅನಧಿಕೃತವೆಂಬ ಹೈಕೋರ್ಟಿನ 2015ರ ತೀರ್ಪನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್ ತಿಂಗಳಿನಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಸಂರಕ್ಷಿತ ಪ್ರದೇಶದಲ್ಲಿ ಕಾನೂನು ಮೀರಿ ಕಟ್ಟಿದ್ದನ್ನು ಕೆಡವಿದ್ದು ಸರಿಯೇ. ಆದರೆ ಜೆಸಿಬಿ ಯಂತ್ರ ಕಟ್ಟಡವನ್ನು ಕೆಡವಬಲ್ಲದು, ಬೇಡಿಕೆಯನ್ನಲ್ಲ. ವ್ಯಾಪಾರ ಸಾಣಾಪುರ, ಆನೆಗೊಂದಿಗಳತ್ತ ಸರಿಯಿತು. ವರ್ಷಗಟ್ಟಲೆ ಕಣ್ಣುಮುಚ್ಚಿ ಕೂರುವುದು, ಬಳಿಕ ಒಂದು ಬೆಳಗ್ಗೆ ಯಂತ್ರಗಳನ್ನು ಕಳುಹಿಸುವುದು: ಇವೆರಡರ ನಡುವೆ ಆಡಳಿತವೆಂಬುದೊಂದು ಇರಬೇಕಲ್ಲವೇ?

ಮಾರ್ಗದರ್ಶಿಯನ್ನು ಕಡ್ಡಾಯಗೊಳಿಸುವುದೇ ಪರಿಹಾರವೆಂದು ಕೆಲವರು ವಾದಿಸುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಅನುಮಾನವಿದೆ. ಕಡ್ಡಾಯವೆಂದರೆ ಏಕಸ್ವಾಮ್ಯ, ಏಕಸ್ವಾಮ್ಯವೆಂದರೆ ಹೆಚ್ಚಿನ ದರ, ಕಡಿಮೆ ಸೇವೆ, ದಾರಿಯಲ್ಲಿ ಅಂಗಡಿಯವರೊಡನೆ ಕಮಿಷನ್ ಒಪ್ಪಂದ. ತನ್ನ ಪಾಡಿಗೆ ತಾನು ನಡೆದು, ಬಂಡೆಯ ಮೇಲೆ ಕುಳಿತು ಸೂರ್ಯಾಸ್ತ ನೋಡಬಯಸುವ ಯುವಕನಿಗೆ ಆ ಹಕ್ಕು ಇದ್ದೇ ಇದೆ. ಅಲ್ಲದೆ, ಸ್ಥಳೀಯರ ಜೊತೆಗಿದ್ದ ಮಾತ್ರಕ್ಕೆ ಸುರಕ್ಷೆ ಖಚಿತವೂ ಅಲ್ಲ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ದಂಡೆಯಲ್ಲಿ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯೇ ಅತಿಥಿಗಳ ಜೊತೆಗಿದ್ದರು. ಆದರೂ ಆಕೆಯ ಮೇಲೆ ಮತ್ತು ವಿದೇಶಿ ಅತಿಥಿಯ ಮೇಲೆ ಅತ್ಯಾಚಾರ ನಡೆಯಿತು; ಕಾಲುವೆಗೆ ತಳ್ಳಲ್ಪಟ್ಟ ಪ್ರವಾಸಿಗರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಪೊಲೀಸ್ ಗಸ್ತು ಮತ್ತು ಬೀದಿದೀಪದ ಕೆಲಸವನ್ನು ಯಾವ ಮಾರ್ಗದರ್ಶಿಯೂ ಮಾಡಲಾರ.

ಹಾಗೆಂದು ಎಲ್ಲವನ್ನೂ ಪ್ರವಾಸಿಗನ ವಿವೇಚನೆಗೆ ಬಿಡುವುದೂ ತಪ್ಪು. ಹರಿಗೋಲಿನವನಿಗೆ ತಿಳಿದಿರುವ ಬಂಡೆಯ ಗುಟ್ಟು ಒಂದು ಸಾರ್ವಜನಿಕ ಸರಕು. ಒಬ್ಬರಿಗೆ ಹೇಳಿದರೆ ಹತ್ತು ಜನರಿಗೆ ಪ್ರಯೋಜನ. ಆದರೆ ಹೇಳಿದವನಿಗೆ ಹಣ ಕೊಡುವವರಿಲ್ಲ. ಇಂತಹ ಸರಕನ್ನು ಮಾರುಕಟ್ಟೆ ತಾನಾಗಿ ಒದಗಿಸುವುದಿಲ್ಲ; ಸರ್ಕಾರವೇ ಒದಗಿಸಬೇಕು. ಅದಕ್ಕೆ ಕೋಟಿಗಟ್ಟಲೆ ಅನುದಾನವೇನೂ ಬೇಕಿಲ್ಲ.

ಮೊದಲನೆಯದಾಗಿ, ದೋಣಿ ಹತ್ತುವ ಪ್ರತಿ ಘಾಟಿನಲ್ಲೂ ದಾಖಲೆ ಪುಸ್ತಕವಿರಲಿ. ಹೋದವರ ಮತ್ತು ಬಂದವರ ಸಂಖ್ಯೆ ಸಂಜೆ ತಾಳೆಯಾಗಬೇಕು, ಆಗದಿದ್ದರೆ ಹುಡುಕಬೇಕು. ಎರಡನೆಯದಾಗಿ, ಜಲಾಶಯದಿಂದ ನೀರು ಬಿಡುವ ಮುನ್ನ ಆ ಸೂಚನೆ ಘಾಟಿಗೆ ನೇರವಾಗಿ ತಲುಪಿ, ಸಂಚಾರ ತಂತಾನೇ ನಿಲ್ಲಬೇಕು. ಮುಳುಗುವ ಬಂಡೆಗೆ ಬಣ್ಣ ಬಳಿದು ಗುರುತು ಹಾಕಿದರೆ ಅನಕ್ಷರಸ್ಥನಿಗೂ ಅರ್ಥವಾಗುತ್ತದೆ. ಮೂರನೆಯದಾಗಿ, ತಾವೇ ಸುತ್ತುವವರಿಗಾಗಿ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್‌ನಲ್ಲಿ ಸ್ಪಷ್ಟ ನಕ್ಷೆಗಳು ಬೇಕು: ಎಲ್ಲಿ ಈಜಬಾರದು, ಎಲ್ಲಿ ಮೌನ ಪಾಲಿಸಬೇಕು, ಕೊನೆಯ ದೋಣಿ ಎಷ್ಟು ಗಂಟೆಗೆ. ನಾಲ್ಕನೆಯದಾಗಿ, ಆನೆಗೊಂದಿ, ಸಾಣಾಪುರದ ಯುವಕ ಯುವತಿಯರಿಗೆ ಮತ್ತು ಹರಿಗೋಲಿನವರಿಗೆ ತರಬೇತಿ, ಗುರುತಿನ ಚೀಟಿ ನೀಡಿ, ದರಪಟ್ಟಿಯನ್ನು ಘಾಟಿನಲ್ಲೇ ಬರೆಸಬೇಕು. ಬಯಸಿದವರು ಕರೆದೊಯ್ಯಲಿ, ಬಯಸದವರು ಬಿಡಲಿ.

ಇದನ್ನೆಲ್ಲ ಮಾಡುವವರು ಯಾರು? ನದಿಯ ಒಂದು ದಡ ಕೊಪ್ಪಳ ಜಿಲ್ಲೆಗೆ, ಇನ್ನೊಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ದೋಣಿ ಒಂದು ಜಿಲ್ಲೆಯಲ್ಲಿ ಹೊರಟು ಮತ್ತೊಂದರಲ್ಲಿ ದಡ ಸೇರುತ್ತದೆ. ಜವಾಬ್ದಾರಿ ನಡುನೀರಿನಲ್ಲಿ ಉಳಿಯುತ್ತದೆ. ಕಡತಗಳು ಇಂತಹ ಗಡಿಗಳಲ್ಲಿ ಹೇಗೆ ನಿಂತುಬಿಡುತ್ತವೆ ಎಂಬುದನ್ನು ಸೇವೆಯಲ್ಲಿದ್ದಾಗ ನಾನು ಬಲ್ಲೆ. ಕೆಲವನ್ನು ನಾನೇ ನಿಲ್ಲಿಸಿದ್ದೇನೆ ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. 2002ರ ಕಾಯ್ದೆಯನ್ವಯ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ಎರಡೂ ದಡಗಳಿಗಿದೆ. ಕಟ್ಟಡಗಳಿಗೆ ನೋಟಿಸು ನೀಡುವಷ್ಟೇ ಆಸ್ಥೆಯಿಂದ ಅದು ಘಾಟುಗಳನ್ನೂ ನಿರ್ವಹಿಸಬೇಕು.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹೊಳೆ ದಾಟಿಸುತ್ತಿದ್ದ, ಚರ್ಮ ಹೊದಿಸಿದ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಐದು ಶತಮಾನಗಳಿಂದ ದಾಟಿಸುತ್ತಿರುವವರ ತಿಳಿವಳಿಕೆ ನಮ್ಮ ಯಾವ ನಿಯಮಾವಳಿಗೂ ಸೇರಿಲ್ಲ. ಅಂದು ನಾನು ಹರಿಗೋಲಿನವನಿಗೆ ದಾಟಿಸಿದ ದರವನ್ನಷ್ಟೇ ಕೊಟ್ಟು ಬಂದೆ. ಬಂಡೆಯನ್ನು ತೋರಿಸಿದ್ದರ ಬಾಕಿ ಇನ್ನೂ ಇದೆ. ಅದು ನನ್ನೊಬ್ಬನ ಬಾಕಿಯಲ್ಲ.