ಒಬ್ಬರಿಗೆ ಒಪ್ಪು, ನೂರು ಮಂದಿಗೆ ತಪ್ಪು

ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ವೆಬ್ ತಂತ್ರಾಂಶವೊಂದನ್ನು ರಚಿಸುತ್ತಾನೆ. ಪ್ರವೇಶದ ಅರ್ಜಿಯನ್ನು ತುಂಬಿ ಗುಂಡಿಯನ್ನೊತ್ತಿದರೆ ವಿವರಗಳು ಡೇಟಾಬೇಸಿನಲ್ಲಿ ದಾಖಲಾಗುತ್ತವೆ. ಪರದೆಯ ಮೇಲೆ ಅರ್ಜಿಯ ಸಂಖ್ಯೆ ಮೂಡುತ್ತದೆ. ಪರೀಕ್ಷಕರು ಒಮ್ಮೆ ಒತ್ತಿ ನೋಡಿ, ತೃಪ್ತರಾಗಿ, ಅಂಕಗಳನ್ನು ಕೊಡುತ್ತಾರೆ. ಅದೇ ತಂತ್ರಾಂಶವನ್ನು ನೂರು ಮಂದಿ ಏಕಕಾಲದಲ್ಲಿ ಬಳಸಿದರೆ ಏನಾದೀತೆಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಕೇಳದಿರುವ ಪರೀಕ್ಷೆ ಅರ್ಧ ಪರೀಕ್ಷೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಎರಡು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಯಸುತ್ತೇವೆ.

ಮೊದಲನೆಯದು, ದಾಖಲೆಗೆ ಕೊಡುವ ಗುರುತಿನ ಸಂಖ್ಯೆ. ಇಬ್ಬರಿಗೆ ಒಂದೇ ಹೆಸರಿರಬಹುದು, ವಿಳಾಸ ಬದಲಾಗಬಹುದು. ಆದುದರಿಂದ ಪ್ರತಿಯೊಂದು ದಾಖಲೆಗೂ ಬೇರಾವುದಕ್ಕೂ ಇಲ್ಲದ ಒಂದು ಸಂಖ್ಯೆ ಬೇಕು. ಹೊಸಬರಿಗೆ ತೋಚುವ ಮಾರ್ಗವೆಂದರೆ, ಇರುವ ಸಂಖ್ಯೆಗಳಲ್ಲಿ ಅತಿ ದೊಡ್ಡದನ್ನು ಕೇಳಿ ತಿಳಿದು ಅದಕ್ಕೆ ಒಂದನ್ನು ಕೂಡಿಸುವುದು. ಬೇರೆ ಬೇರೆ ಊರುಗಳ ಇಬ್ಬರು ಹುಡುಗಿಯರು ಒಂದೇ ಕ್ಷಣದಲ್ಲಿ ಗುಂಡಿಯನ್ನೊತ್ತಿದರೆಂದು ಭಾವಿಸೋಣ. ಇಬ್ಬರ ಪರವಾಗಿಯೂ ಹೋದ ಪ್ರಶ್ನೆಗೆ 417 ಎಂಬ ಉತ್ತರವೇ ಬಂದಿತು. ಇಬ್ಬರಿಗೂ 418 ಎಂದು ತೀರ್ಮಾನವಾಯಿತು. ಸಂಖ್ಯೆ ಮರುಕಳಿಸಕೂಡದೆಂಬ ನಿಯಮವನ್ನು ಮೊದಲೇ ವಿಧಿಸಿದ್ದರೆ ಒಬ್ಬಳ ಅರ್ಜಿ ತಿರಸ್ಕೃತವಾಗುತ್ತದೆ. ಇಲ್ಲವಾದರೆ ಇಬ್ಬರಿಗೂ ಒಂದೇ ಸಂಖ್ಯೆ ಅಂಟಿಕೊಳ್ಳುತ್ತದೆ. ಕೊನೆಯ ದಾಖಲೆಯನ್ನು ಅಳಿಸಿದ್ದರಂತೂ ಹೋದವರ ಸಂಖ್ಯೆಯೇ ಹೊಸದಾಗಿ ಬಂದವರ ಪಾಲಾಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೊದಲಾದ ಡೇಟಾಬೇಸುಗಳು ಸಂಖ್ಯೆಯನ್ನು ತಾವೇ ನೀಡಬಲ್ಲವು. ಎಷ್ಟು ಮಂದಿ ಒಟ್ಟಿಗೆ ಕೇಳಿದರೂ ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆಯೇ ದೊರೆಯುತ್ತದೆ. ನಡುನಡುವೆ ಕೆಲವು ಸಂಖ್ಯೆಗಳು ಬಿಟ್ಟುಹೋಗುವುದುಂಟು. ದಾಖಲಿಸುವ ಕಾರ್ಯ ಅರ್ಧದಲ್ಲಿ ರದ್ದಾದರೆ ಅದಕ್ಕೆಂದು ತೆಗೆದ ಸಂಖ್ಯೆ ಹಿಂದಕ್ಕೆ ಬರುವುದಿಲ್ಲ. ಕೆಲವರು ಇದನ್ನು ದೋಷವೆಂದು ಬಗೆಯುತ್ತಾರೆ. ಆದರೆ ಒಬ್ಬರ ಕಾರ್ಯ ನಿಲ್ಲುವುದೋ ರದ್ದಾಗುವುದೋ ಎಂದು ಕಾಯುತ್ತ ಕುಳಿತರೆ ಉಳಿದವರೆಲ್ಲರೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಗುರುತಿನ ಸಂಖ್ಯೆಯಿರುವುದು ಗುರುತಿಸುವುದಕ್ಕೆ, ಎಣಿಸುವುದಕ್ಕಲ್ಲ.

ಹಾಗಾದರೆ, ಡೇಟಾಬೇಸು ಕೊಟ್ಟ ಸಂಖ್ಯೆಯನ್ನು ನಾವು ತಿಳಿಯುವುದು ಹೇಗೆ? ಇಲ್ಲಿಯೇ ಹಲವರು ಎರಡನೆಯ ಬಾರಿ ಎಡವುತ್ತಾರೆ. ದಾಖಲೆಯನ್ನು ಸೇರಿಸಿದ ಮೇಲೆ ಮತ್ತೆ ಅತಿ ದೊಡ್ಡ ಸಂಖ್ಯೆಯನ್ನೇ ಕೇಳುತ್ತಾರೆ. ಅಷ್ಟರೊಳಗೆ ಇನ್ನೊಬ್ಬಳ ದಾಖಲೆ ಸೇರಿದ್ದರೆ, ಬರುವ ಉತ್ತರ ಅವಳ ಸಂಖ್ಯೆ. ಅದನ್ನು ನಂಬಿ ಮುಂದುವರಿದರೆ ಮೊದಲನೆಯವಳು ಕಟ್ಟಿದ ಶುಲ್ಕ ಎರಡನೆಯವಳ ಅರ್ಜಿಗೆ ಜಮೆಯಾಗುತ್ತದೆ. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಣ ಕಟ್ಟಿದವಳು ಆಯ್ಕೆಯ ಪಟ್ಟಿಯಲ್ಲಿ ತನ್ನ ಹೆಸರನ್ನು ಕಾಣದಾದಾಗಲೇ ತಪ್ಪು ಹೊರಬೀಳುವುದು. ಆ ವೇಳೆಗೆ ಒಂದು ವರ್ಷವೇ ವ್ಯರ್ಥವಾಗಿರಬಹುದು. ಸರಿಯಾದ ಕ್ರಮವೆಂದರೆ, ದಾಖಲೆಯನ್ನು ಸೇರಿಸಿದ ಸಂಪರ್ಕದಲ್ಲಿಯೇ ಅದರ ಸಂಖ್ಯೆಯನ್ನೂ ಪಡೆಯುವುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ಲಿನಲ್ಲಿ ಸೇರಿಸುವ ಆಜ್ಞೆಯೇ ಸಂಖ್ಯೆಯನ್ನು ಮರಳಿಸುವಂತೆ ಕೇಳಬಹುದು. ಮೈಎಸ್‌ಕ್ಯೂಎಲ್ ಪ್ರತಿಯೊಂದು ಸಂಪರ್ಕದಲ್ಲಿ ಕೊನೆಗೆ ಹುಟ್ಟಿದ ಸಂಖ್ಯೆಯನ್ನು ಪ್ರತ್ಯೇಕವಾಗಿ ನೆನಪಿಟ್ಟಿರುತ್ತದೆ.

ಈ ಸಂಪರ್ಕವೆಂಬುದೇ ನಮ್ಮ ಎರಡನೆಯ ಉದಾಹರಣೆ. ತಂತ್ರಾಂಶವು ಡೇಟಾಬೇಸಿನೊಡನೆ ಮಾತನಾಡಬೇಕಾದರೆ ಮೊದಲು ದಾರಿಯನ್ನು ತೆರೆಯಬೇಕು, ಗುಪ್ತಪದವನ್ನು ಒಪ್ಪಿಸಬೇಕು. ಇದಕ್ಕೆ ಕಾಲವೂ ತಗಲುತ್ತದೆ, ಯಂತ್ರದ ಸ್ಮೃತಿಯೂ ವ್ಯಯವಾಗುತ್ತದೆ. ಆದಕಾರಣ ಸಂಪರ್ಕಗಳಿಗೆ ಮಿತಿಯುಂಟು. ನಾವಾಗಿ ಬದಲಾಯಿಸದಿದ್ದರೆ ಈ ಮಿತಿ ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್‌ಕ್ಯೂಎಲ್ಲಿನಲ್ಲಿ 100, ಮೈಎಸ್‌ಕ್ಯೂಎಲ್ಲಿನಲ್ಲಿ 151. ಇದನ್ನರಿತವರು ಕೆಲವೇ ಸಂಪರ್ಕಗಳನ್ನು ತೆರೆದಿಟ್ಟುಕೊಂಡು ಸರದಿಯಂತೆ ಬಳಸುವ ಏರ್ಪಾಟನ್ನು ಮಾಡಿದ್ದಾರೆ. ಇದಕ್ಕೆ ಕನೆಕ್ಷನ್ ಪೂಲ್ ಎಂದು ಹೆಸರು.

ಊರ ಬಾವಿಯ ಹಗ್ಗವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರು ಸೇದಿದವರು ಹಗ್ಗವನ್ನು ಅಲ್ಲಿಯೇ ಬಿಟ್ಟುಹೋದರೆ ಎರಡು ಹಗ್ಗಗಳಿಂದ ಇಡೀ ಕೇರಿಗೆ ನೀರು ಸಿಗುತ್ತದೆ. ಮನೆಗೆ ಒಯ್ದರೆ ಬಾವಿ ತುಂಬಿದ್ದರೂ ಹಿಂದಿನವರ ಕೊಡ ಬರಿದು. ವಿದ್ಯಾರ್ಥಿಗಳು ಬರೆಯುವ ತಂತ್ರಾಂಶದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಾಗ ಸಂಪರ್ಕ ಹಿಂದಕ್ಕೆ ಬರುತ್ತದೆ. ನಡುವೆ ದೋಷವೊಂದು ತಲೆದೋರಿದರೆ, ಹಿಂದಿರುಗಿಸುವ ಸಾಲನ್ನು ತಲುಪದೆಯೇ ಕೆಲಸ ಮುರಿದುಬೀಳುತ್ತದೆ. ಹೀಗೆ ಒಂದೊಂದಾಗಿ ಸಂಪರ್ಕಗಳು ಕಳೆದುಹೋಗಿ, ಕೊನೆಗೆ ಡೇಟಾಬೇಸು ಆರೋಗ್ಯವಾಗಿದ್ದರೂ ತಂತ್ರಾಂಶ ಸ್ತಬ್ಧವಾಗುತ್ತದೆ. ಪ್ರಯೋಗಶಾಲೆಯಲ್ಲಿ ಗಳಿಗೆಗೊಮ್ಮೆ ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ಆರಂಭಿಸುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟನ್ನೆಲ್ಲ ಇಂದಿನ ಸಿದ್ಧ ಚೌಕಟ್ಟುಗಳೇ ನೋಡಿಕೊಳ್ಳುತ್ತವಲ್ಲ, ಕಲಿಯುವವರಿಗೆ ಈ ತಲೆನೋವೇಕೆ ಎಂದು ಕೆಲವರು ಕೇಳಬಹುದು. ಬಹುಮಟ್ಟಿಗೆ ಅದು ನಿಜ. ಆದರೆ ದಾಖಲೆಯನ್ನು ಒಂದು ಸಂಪರ್ಕದಲ್ಲಿ ಸೇರಿಸಿ, ಪೂಲಿನಿಂದ ಮತ್ತೊಂದನ್ನು ತೆಗೆದು ಅದರಲ್ಲಿ ಸಂಖ್ಯೆಯನ್ನು ಕೇಳುವವನನ್ನು ಯಾವ ಚೌಕಟ್ಟೂ ಕಾಪಾಡಲಾರದು. ಒಳಗೆ ನಡೆಯುವುದೇನೆಂದು ಬಲ್ಲವನು ಮಾತ್ರ ಈ ತಪ್ಪನ್ನು ಗುರುತಿಸಬಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರಯೋಗಶಾಲೆಯ ಪರೀಕ್ಷೆಗೆ ಎರಡು ಸಣ್ಣ ಹೆಜ್ಜೆಗಳನ್ನು ಸೇರಿಸಬೇಕು. ದಾಖಲೆಯನ್ನು ಸೇರಿಸುವುದಕ್ಕೂ ಸಂಖ್ಯೆಯನ್ನು ಪಡೆಯುವುದಕ್ಕೂ ನಡುವೆ ಐದು ಸೆಕೆಂಡುಗಳ ವಿರಾಮವನ್ನಿಟ್ಟು, ಎರಡು ಕಿಟಕಿಗಳಿಂದ ಒಟ್ಟಿಗೆ ಅರ್ಜಿ ಸಲ್ಲಿಸಿ, ಇಬ್ಬರಿಗೂ ಅವರವರ ಸಂಖ್ಯೆಯೇ ಬಂದಿತೇ ಎಂದು ನೋಡುವುದು ಮೊದಲನೆಯದು. ಪೂಲಿನಲ್ಲಿ ಎರಡೇ ಸಂಪರ್ಕಗಳನ್ನಿರಿಸಿ, ಬೇಕೆಂದೇ ಮೂರು ಬಾರಿ ದೋಷವನ್ನುಂಟುಮಾಡಿ, ಅನಂತರವೂ ತಂತ್ರಾಂಶ ಉತ್ತರಿಸುವುದೇ ಎಂದು ನೋಡುವುದು ಎರಡನೆಯದು. ಇವೆರಡಕ್ಕೂ ಸೇರಿ ಹತ್ತು ನಿಮಿಷ ಸಾಕು. ಅಧ್ಯಾಪಕರು ಇದನ್ನು ಕೇಳುವವರೆಗೆ ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳು ಈ ಸಂಜೆಯೇ ತಮ್ಮ ತಂತ್ರಾಂಶವನ್ನು ಹೀಗೆ ಒರೆಗೆ ಹಚ್ಚಿ ನೋಡಬಹುದು.